ಖಲೀಲ್ ಸಾಹೇಬರ ಮೆಚ್ಚುಗೆ

ಖಲೀಲ್ ಸಾಹೇಬರು ಯಾರನ್ನೂ ಎದುರಿನಲ್ಲಿ ಹೊಗಳುತ್ತಿರಲಿಲ್ಲ. ಹೊಗಳಿಕೆಯೇನಿದ್ದರೂ ಆ ವ್ಯಕ್ತಿ ಬೀದಿಯ ತಿರುವು ದಾಟಿ ಮರೆಯಾದ ಮೇಲೆ. ಹೊಸಕೋಟೆಯಲ್ಲಿ ನಮ್ಮ ಪಕ್ಕದ ಮನೆಯವರು. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಬೇಸಿಗೆಯಲ್ಲೂ ಕಂದು ಕೋಟು ತೊಟ್ಟು, ಬಲಗಾಲನ್ನು ತುಸು ಎಳೆಯುತ್ತ, ಎದುರಾದವರ ಮಾತಿಗೆಲ್ಲ "ಇರಲಿ, ಇರಲಿ" ಎನ್ನುತ್ತ ಸಾಗುವ ಆ ನೀಳಕಾಯದೊಳಗೆ ಅಪಾರ ವಾತ್ಸಲ್ಯವಿತ್ತೆಂಬುದು, ಅದು ಯಾರ ಮೇಲಿತ್ತೋ ಅವರೊಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ತಿಳಿದಿತ್ತು.

ಅವರ ಪತ್ನಿ ಅಖ್ತರ್ ಬೇಗಂ ಹೊಸ ಅಡುಗೆಯೆಂದರೆ ಎಳೆಯ ಹುಡುಗಿಯಂತೆ ಉತ್ಸಾಹ ತಾಳುವವರು. ಒಂದು ಸಂಜೆ ಮೊಬೈಲಿನಲ್ಲಿ ನೋಡಿಕೊಂಡು ಚೀಸ್ ಗಾರ್ಲಿಕ್ ಬ್ರೆಡ್ ಮಾಡಿದರು. ಬೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ಕೊತ್ತಂಬರಿ ಸೊಪ್ಪು ಬೆರೆಸಿ ಬ್ರೆಡ್ಡಿಗೆ ಸವರಿ, ಮೇಲೆ ಚೀಸ್ ತುರಿದು, ಓವನ್ ಇಲ್ಲದ ಮನೆಯಾದ್ದರಿಂದ ತವಾದ ಮೇಲಿಟ್ಟು ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಕಾಯಿಸಿದಾಗ ಎದ್ದ ಪರಿಮಳವೇ ಕಾಂಪೌಂಡು ದಾಟಿ ಬಂದು ನನ್ನನ್ನು ಕರೆದೊಯ್ದಿತ್ತು. ನಾನು ನಾಚಿಕೆಯಿಲ್ಲದೆ ಇನ್ನೊಂದು ಕೇಳಿ ಹಾಕಿಸಿಕೊಂಡೆ. ಸಾಹೇಬರು ತಟ್ಟೆ ಬರಿದು ಮಾಡಿ, ಬೆರಳಿಗಂಟಿದ ಚೀಸನ್ನೂ ಬಿಡದೆ ಚೀಪಿ, "ಇರಲಿ. ನಮ್ಗೆಲ್ಲ ಚಪಾತಿನೇ ಸರಿ" ಎಂದರು. ಬೇಗಂ ಅವರ ಮುಖ ಸಣ್ಣದಾಯಿತು.

ಮರುದಿನ ಬಸ್ ಸ್ಟ್ಯಾಂಡಿನ ಬಳಿ ಚಹಾ ಕುಡಿಯುವಾಗ ಅದೇ ಮನುಷ್ಯ, "ಏನ್ ಮಾಡಿದ್ಲು ಸಾರ್! ಇಡೀ ಬೆಂಗ್ಳೂರು ಹುಡುಕಿದ್ರೂ ಸಿಗಲ್ಲ" ಎಂದು ಕಣ್ಣರಳಿಸಿದರು.

"ಇದನ್ನ ಅವ್ರಿಗೆ ಹೇಳಿದ್ರಾ?" ಎಂದೆ.

"ಬಾಯ್ಬಿಟ್ಟು ಹೇಳಿದ್ರೆ ನಜರ್ ಆಗುತ್ತೆ ಸಾರ್, ದೃಷ್ಟಿ. ಮನಸ್ಸಲ್ಲಿದ್ರೆ ಸಾಕು."

ಬೇಗಂ ಮತ್ತೆ ಅದನ್ನು ಮಾಡಲಿಲ್ಲ. ಕೆಲವು ತಿಂಗಳ ನಂತರ ಕಾಡಿದ ಜ್ವರವೊಂದು ಇಳಿಯುವಾಗ ಅವರ ಘ್ರಾಣಶಕ್ತಿಯನ್ನು ಕೊಂಡೊಯ್ದಿತು. ವೈದ್ಯರು ಕಾಯಲು ಹೇಳಿದರು, ಕಾದರು, ಅದು ಮರಳಲಿಲ್ಲ. ಉಪ್ಪು ಖಾರ ನಾಲಿಗೆಗೆ ತಿಳಿಯುತ್ತಿತ್ತು, ಉಳಿದದ್ದೆಲ್ಲ ಸಪ್ಪೆ. ಒಗ್ಗರಣೆ ಸೀದು ಮನೆಯೆಲ್ಲ ಕಮರು ವಾಸನೆ ತುಂಬಿದರೂ ಅರಿವಾಗದೆ ಅವರು ಒಲೆಯ ಕಡೆಗೆ ಬೆನ್ನು ಮಾಡಿ ಸೊಪ್ಪು ಬಿಡಿಸುತ್ತಿದ್ದುದನ್ನು ಕಂಡ ದಿನ, ಸಾಹೇಬರು ಕೋಟು ಕಳಚಿಟ್ಟು ಅಡುಗೆಮನೆ ಹೊಕ್ಕರು.

ಬೇಗಂ ಅಂದು ಮಾಡಿದ್ದ ಗಾರ್ಲಿಕ್ ಬ್ರೆಡ್ಡನ್ನೇ ತಾವು ಮಾಡಹೊರಟರು; ಮೊದಲನೆಯದು ಕರಕಲಾಯಿತಂತೆ. ಮರುದಿನದ್ದು ಸರಿಬಂತು, ನನ್ನನ್ನೂ ಕರೆದರು. ನಾನಿದ್ದುದರಿಂದ ಗಂಡಹೆಂಡಿರು ಕನ್ನಡದಲ್ಲೇ ಮಾತಾಡಿದರು.

"ಬೆಳ್ಳುಳ್ಳಿ ಗೊತ್ತಾಗುತ್ತಾ?" ಎಂದರು ಸಾಹೇಬರು.

ಬೇಗಂ ನಿಧಾನವಾಗಿ ಜಗಿದರು. "ಇಲ್ಲ. ಬಿಸಿ ಇದೆ, ಮೆತ್ತಗಿದೆ. ಉಪ್ಪು ಸರಿಯಾಗಿದೆ."

ಸಾಹೇಬರು ತಟ್ಟೆಯನ್ನೇ ನೋಡುತ್ತ ಹೇಳಿದರು: "ಅವತ್ತು ನೀನು ಮಾಡಿದ್ದು ಬಹಳ ಚೆನ್ನಾಗಿತ್ತು."

"ನಿಮ್ಗೆ ಹಿಡಿಸ್ಲಿಲ್ಲ ಅಂತ ಬಿಟ್ಬಿಟ್ಟೆ," ಎಂದರು ಬೇಗಂ. "ನಂಗೆ ಎಷ್ಟು ಇಷ್ಟ ಆಗಿತ್ತು ಗೊತ್ತಾ ಅದು?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸಾಹೇಬರಿಗೆ ಸಹ್ಯವಾಗುತ್ತಿತ್ತೇನೋ.

ಇಂಥವರು ನಮ್ಮ ನಡುವೆ ವಿರಳರಲ್ಲ. ಪ್ರೀತಿಗೇನೂ ಅವರಲ್ಲಿ ಬಡತನವಿಲ್ಲ. ಸಂಕೋಚವನ್ನೇ ಸಂಯಮವೆಂದು ನಂಬಿ, ಮೆಚ್ಚಿದ ಮಾತನ್ನು ಊರಿಗೆಲ್ಲ ಹಂಚಿ, ಸಲ್ಲಬೇಕಾದವರ ಪಾಲನ್ನು ಮಾತ್ರ ನಾಳೆಗೆಂದು ಎತ್ತಿಡುತ್ತಾರೆ. ನಾಳೆಯೂ ಬರುತ್ತದೆ, ಮಾತೂ ಬರುತ್ತದೆ. ಅಷ್ಟರಲ್ಲಿ ಜೊತೆಯಲ್ಲಿ ಬಾಳುವವರು ತಮಗೆ ಪ್ರಿಯವಾದುದನ್ನು ಒಂದೊಂದಾಗಿ ಬಿಟ್ಟುಕೊಟ್ಟು, ಅದಿಲ್ಲದೆ ಬದುಕುವುದನ್ನು ಕಲಿತುಬಿಟ್ಟಿರುತ್ತಾರೆ.