ಏಳನೇ ವರ್ಷದ ಕಿಮೋನೊ

"ಒಂದೇ ಒಂದು ಸಲ ಬಂದು ಉಡಿಸಿಬಿಡು ಮಿಹೋ. ನಿನ್ನ ಕಾಲಿಗೆ ಬೀಳ್ತೀನಿ," ಎಂದ ಕೊಹೇಯಿ. ಅವನ ತೊಡೆಯ ಮೇಲೆ ಕೆಂಪು ರೇಷ್ಮೆಯ ಪುಟ್ಟ ಕಿಮೋನೊ ಹರಡಿಕೊಂಡಿತ್ತು. ಎದುರಿಗೆ ಬಿಳಿಯ ಒಳಅಂಗಿ ತೊಟ್ಟ, ಮಗುವಿನ ರೂಪದ ಯಂತ್ರ ಎರಡೂ ತೋಳು ಚಾಚಿಕೊಂಡು ನಿಂತಿತ್ತು.

ಅಡುಗೆಮನೆಯಲ್ಲಿ ಅವನ ಹೆಂಡತಿ ಮಿಹೋ ತಲೆ ಎತ್ತಲಿಲ್ಲ. ಮೂಲಂಗಿ ಹೆಚ್ಚುತ್ತಲೇ ಇದ್ದಳು. ಯಾರೂ ನೆಟ್ಟಗೆ ಉಣ್ಣದ ಮನೆಯಲ್ಲಿ ಅಷ್ಟೊಂದು ಮೂಲಂಗಿ ಯಾರಿಗೋ ದೇವರಿಗೇ ಗೊತ್ತು.

"ನಿಮ್ಮ ಯಂತ್ರಕ್ಕೆ ನೀವೇ ಉಡಿಸಿಕೊಳ್ಳಿ. ಅದು ನನ್ನ ಮಗಳಿಗೆ ಅಂತ ನಮ್ಮಮ್ಮ ಹೊಲಿದಿದ್ದು. ನನ್ನ ಕೇಳದೆ ಪೆಟ್ಟಿಗೆಯಿಂದ ತೆಗೆದಿದ್ದೇ ತಪ್ಪು."

"ನಂಗೆ ಕೆಂಪು ಇಷ್ಟ ಅಮ್ಮಾ," ಎಂದಿತು ಯಂತ್ರ.

ಧ್ವನಿ ಮಗಳು ಚೀಸಾಳದೇ. ಮೊಬೈಲಿನಲ್ಲಿ ಉಳಿದಿದ್ದ ವೀಡಿಯೋಗಳನ್ನೆಲ್ಲ ಕಂಪನಿಯವರಿಗೆ ಕೊಟ್ಟು, ಅಲ್ಲಿಂದ ಹೆಕ್ಕಿಸಿ ಮಾಡಿಸಿದ ಧ್ವನಿ. ಮುಖವೂ ಅವಳದೇ, ಎಡಗೆನ್ನೆಯ ಗುಳಿಯೂ ಅವಳದೇ. ಅದು ಅಮ್ಮಾ ಎಂದಾಗಲೆಲ್ಲ ಓಗೊಡಲು ಮಿಹೋಳ ಬಾಯಿ ತಾನಾಗಿ ತೆರೆಯುತ್ತಿತ್ತು. ಹಾಗಾಗುತ್ತದಲ್ಲ ಎಂದು ತನ್ನ ಮೇಲೆಯೇ ಅವಳಿಗೆ ಹೇಸಿಗೆ.

ಏಪ್ರಿಲ್‌ನಲ್ಲಿ ಗದ್ದೆಗಳಿಗೆ ನೀರು ಬಿಟ್ಟ ವಾರ ಚೀಸಾ ತೀರಿಕೊಂಡದ್ದು. ಶಾಲೆಯಿಂದ ಬರುತ್ತಿದ್ದ ಚೀಸಾಳ ಹಳದಿ ಟೋಪಿ ಗಾಳಿಗೆ ಹಾರಿ ಕಾಲುವೆಗೆ ಬಿತ್ತು. ಹೊಸ ಟೋಪಿ, ಒಂದನೇ ತರಗತಿಯದು. ಕಳೆದುಕೊಂಡರೆ ಅಮ್ಮ ಬೈಯುತ್ತಾಳೆಂದು ಮಗು ಬಗ್ಗಿರಬೇಕು. ತೊಯಾಮಾದ ಕಾಲುವೆಗಳು ನೋಡುವುದಕ್ಕೆ ಮೊಣಕಾಲಿನಷ್ಟು ಆಳ, ಆದರೆ ಬೆಟ್ಟದ ಹಿಮ ಕರಗಿದ ನೀರಿನ ಸೆಳೆತ ಯಾರಪ್ಪನ ಮಾತೂ ಕೇಳುವುದಿಲ್ಲ.

ಬೇಸಿಗೆಯಲ್ಲಿ ಕೊಹೇಯಿ ಈ ಯಂತ್ರವನ್ನು ತಂದ. ಮಗಳಿಲ್ಲದ ಮನೆಗೆ ಕೆಲಸ ಮುಗಿಸಿ ಬರಲಾರದೆ ಕಾರಿನಲ್ಲೇ ಕೂತಿರುತ್ತಿದ್ದವನು, ಅದು ಬಂದ ಮೇಲೆ ಓಡೋಡಿ ಬರತೊಡಗಿದ. ಜೊತೆಗೆ ಕೂತು ಚಿತ್ರ ಬರೆದ, ಕತೆ ಓದಿದ, ನಕ್ಕ. ಮಿಹೋ ಮಾತ್ರ ಅದನ್ನು ಮುಟ್ಟಲಿಲ್ಲ, ಹೆಸರು ಹಿಡಿದು ಕರೆಯಲೂ ಇಲ್ಲ. ಅವಳ ಪಾಲಿಗೆ ಅದು 'ಅದು'. ನಾಳೆ ಕಂಪನಿಯವನು ಬರುವವನಿದ್ದ. ತಂದೆ ತಾಯಿ ಇಬ್ಬರೂ ಒಪ್ಪಿದರೆ ಯಂತ್ರ ಇಲ್ಲಿಯೇ ಉಳಿಯುತ್ತದೆ, ಒಬ್ಬರು ಬೇಡವೆಂದರೂ ಪೆಟ್ಟಿಗೆಗೆ ತುಂಬಿಕೊಂಡು ಹೋಗುತ್ತಾನೆ. ಕಂಪನಿಯ ನಿಯಮ ಅದು.

"ಹೆಣ್ಣುಮಕ್ಕಳನ್ನ ಏಳನೇ ವರ್ಷಕ್ಕೆ ಗುಡಿಗೆ ಕರ್ಕೊಂಡು ಹೋಗ್ತೀವಲ್ಲ, ಅದೊಂದಾಗಲಿ," ಎಂದ ಕೊಹೇಯಿ. "ಇವತ್ತೊಂದು ದಿನ ನಮ್ಮ ಜೊತೆ ಬಾ. ಬಂದ ಮೇಲೂ ಬೇಡ ಅಂದ್ರೆ ನಾಳೆ ಕಳಿಸಿಬಿಡ್ತೀನಿ. ಆಣೆ ಮಾಡಿ ಹೇಳ್ತೀನಿ."

"ನೋಡ್ರೀ," ಮಿಹೋ ಚಾಕು ಕೆಳಗಿಟ್ಟಳು. "ನಾನು ಅದನ್ನ ಚೀಸಾ ಅಂತ ಕರೆದ ದಿನ ನಮ್ಮ ಚೀಸಾ ಪೂರ್ತಿ ಹೋಗಿಬಿಡ್ತಾಳೆ. ಕಣ್ಣು ಮುಚ್ಚಿದ್ರೆ ಈಗ ಅವಳೇ ಬರ್ತಾಳೆ. ಆಮೇಲೆ ಇದು ಬರುತ್ತೆ. ನಂಗೆ ಅಷ್ಟೂ ಬಿಡಲ್ವಾ ನೀವು?"

ಕೊಹೇಯಿ ಬಾಯಿ ತೆರೆಯುವಷ್ಟರಲ್ಲಿ ಹೊರಬಾಗಿಲು ಸರಿಯಿತು. ಪಕ್ಕದ ಮನೆಯ ಹತ್ತಾ ಅಜ್ಜಿ. ಕೈಯಲ್ಲಿ ಬಟ್ಟೆ ಕಟ್ಟಿದ ಡಬ್ಬಿ, ಒಳಗೆ ಹಬ್ಬಕ್ಕೆ ಮಾಡುವ ಕೆಂಪು ಕಾಳಿನ ಅನ್ನ.

"ಮಗೂಗೆ ಏಳು ತುಂಬಿತಲ್ಲ, ಅದಕ್ಕೇ ಬೆಳಿಗ್ಗೆ ಎದ್ದು ಮಾಡಿದೆ ಕಣಮ್ಮ," ಎಂದಳು ಅಜ್ಜಿ. "ತಿನ್ನಲ್ಲ ಅಂತ ಗೊತ್ತು ನಂಗೂ. ಆದ್ರೂ ಬರಿಗೈಲಿ ಹೆಂಗೆ ಬರ್ಲಿ? ನಮ್ಮ ಮೊಮ್ಮಗ ದಿನಾ ಗೂಳಿ ಥರ ಮೇಯ್ತಾನೆ, ಒಂದಿನ ಆದ್ರೂ 'ಅಜ್ಜಿ ಹೆಂಗಿದೀಯ' ಅಂತಾನಾ? ಇದು ಕೇಳುತ್ತೆ ನೋಡು."

"ನಿಮ್ಮ ಸೊಂಟ ನೋವು ಹೇಗಿದೆ ಅಜ್ಜಿ?" ಎಂದಿತು ಯಂತ್ರ, ಬಗ್ಗಿ ನಮಸ್ಕರಿಸಿ.

"ನೋಡಿದ್ಯಾ!" ಎಂದು ಅಜ್ಜಿ ಕಣ್ಣೊರೆಸಿಕೊಂಡು ಹೋದಳು. ಊರಿನವರ ಕುಹಕವನ್ನಾದರೂ ಮಿಹೋ ತಡೆದುಕೊಂಡಾಳು, ಈ ಒಳ್ಳೆಯತನವನ್ನು ಹೇಗೆ ತಡೆದುಕೊಳ್ಳುವುದು? ಡಬ್ಬಿಯನ್ನು ಒಲೆಯ ಪಕ್ಕ ಇಟ್ಟು ಮತ್ತೆ ಚಾಕು ಕೈಗೆತ್ತಿಕೊಂಡಳು.

ಇನ್ನು ಕೇಳಿ ಪ್ರಯೋಜನವಿಲ್ಲವೆಂದು ಕೊಹೇಯಿ ತಾನೇ ಶುರುಮಾಡಿದ. ಕಾರ್ಖಾನೆಯಲ್ಲಿ ಕೊರೆಯುವ ಯಂತ್ರಗಳ ಜೊತೆ ಹೆಣಗಿ ಒರಟಾದ ಬೆರಳುಗಳು ರೇಷ್ಮೆಗೆ ಸಿಕ್ಕಿಕೊಳ್ಳುತ್ತಿದ್ದವು. ಒಂದು ತೋಳು ತೂರಿಸಿದ, ಇನ್ನೊಂದು ತೋಳು ತೂರಿಸಿದ. ಎಡಗಡೆಯ ಅಂಚನ್ನು ಎಳೆದು ಹೊಟ್ಟೆಗೆ ಸುತ್ತಿದ, ಅದರ ಮೇಲೆ ಬಲಗಡೆಯದನ್ನು ತಂದು ನಿಧಾನವಾಗಿ ಸವರಿ ಕೂರಿಸಿದ. ಆ ಮಡಿಕೆ ಹಾಕುವಾಗ ಮಾತ್ರ ಅವನ ಕೈ ಎಲ್ಲಿಯೂ ತಡವರಿಸಲಿಲ್ಲ.

"ಅಪ್ಪಾ, ಬಲಗಡೆಯದು ಮೇಲೆ ಬಂತು," ಎಂದಿತು ಯಂತ್ರ, ಗುಳಿ ಬೀಳುವ ಹಾಗೆ ನಕ್ಕು. "ಸತ್ತವರಿಗೆ ಹೀಗೆ ಉಡಿಸ್ತಾರೆ. ನಾನು ಸತ್ತಿಲ್ವಲ್ಲ!"

ಅಡುಗೆಮನೆಯಲ್ಲಿ ಹೆಚ್ಚುವ ಸದ್ದು ನಿಂತಿತು.

ಕೊಹೇಯಿಯ ಅಂಗೈ ಆ ಮಡಿಕೆಯ ಮೇಲೆಯೇ ಉಳಿಯಿತು. ಮಿಹೋ ಬಾಗಿಲಿಗೆ ಬಂದು ನಿಂತದ್ದು ಗೊತ್ತಾದರೂ ಅವನು ತಿರುಗಲಿಲ್ಲ.

"ನಂಗೆ ಇದೊಂದೇ ಗೊತ್ತು ಮಿಹೋ," ಎಂದ. "ಹಬ್ಬಗಳಿಗೆಲ್ಲ ನೀನೇ ಉಡಿಸ್ತಿದ್ದೆ. ನಾನು ಉಡಿಸಿದ್ದು ಅವತ್ತೊಂದೇ ದಿನ. ನೀನು ಎಚ್ಚರ ತಪ್ಪಿ ಬಿದ್ದಿದ್ದೆ. 'ಬಲಗಡೆಯದು ಮೇಲೆ ಬರಲಿ, ನಿಧಾನ' ಅಂತ ಆ ಶವಸಂಸ್ಕಾರದವನು ಹೇಳಿಕೊಟ್ಟ. ಮಂಜುಗಡ್ಡೆ ಥರ ಇದ್ಲು ಕಣೇ."

ಆ ದಿನದ ಬಗ್ಗೆ ಅವನು ಒಂದು ಮಾತೂ ಆಡಿರಲಿಲ್ಲ. ಅವಳೂ ಕೇಳಿರಲಿಲ್ಲ. ತಾನೊಬ್ಬಳೇ ಮಗಳನ್ನು ಹೊತ್ತುಕೊಂಡು ತಿರುಗುತ್ತಿದ್ದೇನೆ, ಇವನು ಗೊಂಬೆ ತಂದು ಹಗುರಾಗಿದ್ದಾನೆ ಎಂದೇ ಅವಳು ತಿಳಿದಿದ್ದಳು. ಈಗ ಮಿಹೋ ಆ ಬಲಗಡೆಯ ಮಡಿಕೆಯಿಂದ ಕಣ್ಣು ಕೀಳಲಿಲ್ಲ. ಅಮ್ಮ ಹೊಲಿದ ಕೆಂಪು ರೇಷ್ಮೆ, ಚೀಸಾಳ ಮುಖ, ಹೆಣಕ್ಕೆ ಉಡಿಸಿದ ಉಡುಗೆ.

"ತೆಗೀರಿ!" ಎಂದು ಕಿರುಚಿದಳು. "ತೆಗೀರಿ ಅದನ್ನ! ಮಗೂಗೆ ಹಾಗೆ ಉಡಿಸ್ತಾರೇನ್ರೀ?"

ಗಂಡನನ್ನು ಪಕ್ಕಕ್ಕೆ ತಳ್ಳಿ ಮಂಡಿಯೂರಿದಳು. ಮಡಿಕೆ ಕಿತ್ತು ಬಿಡಿಸಿದಳು. ಬಲಗಡೆಯದನ್ನು ಒಳಗೆ ಸೇರಿಸಿ, ಎಡಗಡೆಯದನ್ನು ಮೇಲೆ ಎಳೆದು, ಕತ್ತಿನ ಪಟ್ಟಿ ಸರಿಮಾಡಿದಳು. ಅವಳ ಕೈ ಚಕಚಕನೆ ಓಡುತ್ತಿತ್ತು.

"ಕೈ ಎತ್ತು," ಎಂದಳು. ಯಂತ್ರ ಕದಲಲಿಲ್ಲ. ಯಾರಿಗೆ ಹೇಳಿದ್ದೆಂದು ಅದಕ್ಕೆ ತಿಳಿಯಲಿಲ್ಲವೇನೋ. ಅವಳು ಎಂದೂ ಅದರೊಡನೆ ಮಾತಾಡಿದವಳಲ್ಲ.

"ಕೈ ಎತ್ತು ಚೀಸಾ."

ಅದು ಕೈ ಎತ್ತಿತು. ತಾನು ಇಷ್ಟು ದಿನ ಬೇಡಿಕೊಂಡದ್ದು ಸಿಕ್ಕಿತೆಂದು ಕೊಹೇಯಿಗೆ ಸಂತೋಷವಾಗಬೇಕಿತ್ತು, ಭಯವಾಯಿತು. ಹೆಂಡತಿಯ ಭುಜ ಮುಟ್ಟಲು ಕೈ ಚಾಚಿದವನು ಹಾಗೆಯೇ ಹಿಂದಕ್ಕೆ ಎಳೆದುಕೊಂಡ. ಮಿಹೋ ಬಂಗಾರದ ಬಣ್ಣದ ಸೊಂಟಪಟ್ಟಿಯನ್ನು ಸುತ್ತಿ, ಬಲವಾಗಿ ಜಗ್ಗಿ, ಬೆನ್ನ ಹಿಂದೆ ಗಂಟು ಬಿಗಿದಳು.

"ಉಸಿರು ಕಟ್ಟುತ್ತೆ ಅಮ್ಮಾ," ಎಂದಿತು ಅದು.

ಮಿಹೋಳ ಕೈ ನಿಂತಿತು. ಆಮೇಲೆ ಪಟ್ಟಿಗೂ ಹೊಟ್ಟೆಗೂ ನಡುವೆ ಎರಡು ಬೆರಳು ತೂರಿಸಿ ಸ್ವಲ್ಪ ಸಡಿಲ ಮಾಡಿದಳು. ಮತ್ತೂ ಸ್ವಲ್ಪ ಸಡಿಲ ಮಾಡಿದಳು.

"ಈಗ ಸರಿಹೋಯ್ತಾ ಪುಟ್ಟಾ?" ಎಂದು ಕೇಳಿ, ಅದರ ಮೂಗಿನ ಹತ್ತಿರ ಅಂಗೈ ಹಿಡಿದು ಕಾದಳು.