ಯಾರದೋ ‘ವಿರಾ’

ಇಟ್ಟಿಗೆಯ ಹೊರೆ ನೆಲ ಬಿಟ್ಟು ಎದ್ದಾಗ, ಕೊಕ್ಕೆ ಹಾಕುವ ನುರ್ದೋಲೋತನ ಬಲಗೈ ಇನ್ನೂ ಸರಪಳಿಯಲ್ಲೇ ಇತ್ತು. ಕೈ ಉಳಿಯಿತು, ಎರಡು ಬೆರಳಿನ ಚರ್ಮ ಕಿತ್ತುಹೋಯಿತು. ಕ್ರೇನ್ ನಿಲ್ಲಿಸಿ ಬುರುಲ್ಚಾ ನಲವತ್ತು ಮೀಟರ್ ಏಣಿ ಇಳಿದು ಬರುವಷ್ಟರಲ್ಲಿ ಮೇಲ್ವಿಚಾರಕ ಕದಿರ್‌ಬೆಕ್ ವರದಿ ಬರೆದು ಮುಗಿಸಿದ್ದ: ಸೂಚನೆ ಇಲ್ಲದೆ ಹೊರೆ ಎತ್ತಿದ್ದಾಳೆ. ಗಾಯಾಳುವಿನ ಸಹಿ ಬಿದ್ದರೆ ಅವಳ ಪರವಾನಗಿ ಹೋದಂತೆಯೇ. ಈ ಕೆಲಸ ಬಿಟ್ಟು ಅವಳಿಗೆ ಬೇರೆ ಗೊತ್ತಿರಲಿಲ್ಲ.

“ವಾಕಿಟಾಕಿಯಲ್ಲಿ ‘ವಿರಾ’ ಅಂತ ಕೇಳಿಸ್ತು. ಎತ್ತಿದೆ,” ಎಂದಳು ಬುರುಲ್ಚಾ.

“ನಾನು ಬಾಯೇ ಬಿಟ್ಟಿಲ್ಲ,” ಎಂದ ನುರ್ದೋಲೋತ್. “ಮೇಲೆ ಕೂತೂ ಕೂತೂ ನಿನ್ನ ತಲೆಗೆ ಗಾಳಿ ಹೊಕ್ಕಿದೆ.” ನಿನ್ನೆಯವರೆಗೆ ‘ಎಜೆ’ ಎಂದು ಅಕ್ಕನ ಮರ್ಯಾದೆ ಕೊಡುತ್ತಿದ್ದವನು ಇಂದು ಏಕವಚನಕ್ಕೆ ಇಳಿದಿದ್ದ.

“ಕೆಳಗಿನವರು ನಿನ್ನ ಹೆಸರು ಕೂಗದೆ ಎತ್ತಬಾರದು ಅಂತ ನಿಯಮ ಇದೆ,” ಎಂದ ಕದಿರ್‌ಬೆಕ್.

“ಎರಡು ವರ್ಷದಲ್ಲಿ ನನ್ನ ಹೆಸರು ಕೂಗಿದೋರು ಯಾರು, ಬೈಕೆ?” ಅಣ್ಣನ ಮರ್ಯಾದೆಯನ್ನು ಅವಳು ಬಿಟ್ಟಿರಲಿಲ್ಲ. “ನೀವು ಕೂಗಿದ್ದೀರಾ?”

ವಿರಾ ಎಂದರೆ ಎತ್ತು, ಮೈನಾ ಎಂದರೆ ಇಳಿಸು. ಬಿಷ್ಕೆಕ್‌ನ ಯಾವ ಕಟ್ಟಡಕ್ಕೆ ಹೋದರೂ ಇವೇ ಎರಡು ಮಾತು. ರಸ್ತೆಯಾಚೆ ಹೋದ ವಾರವಷ್ಟೇ ಇನ್ನೊಂದು ಕ್ರೇನ್ ಎದ್ದಿತ್ತು.

ತಮ್ಮವರ ದನಿ ಬೆರೆಯದಂತೆ ಕದಿರ್‌ಬೆಕ್ ಒಂದನ್ನು ಬಿಟ್ಟು ಉಳಿದ ಎಲ್ಲ ವಾಕಿಟಾಕಿಗಳ ಬ್ಯಾಟರಿ ತೆಗೆಸಿದ. ಆ ಒಂದನ್ನು ಮೇಜಿನ ಮೇಲಿಟ್ಟು ಕಾಲು ಗಂಟೆ ಕಾದರೂ ಬಂದದ್ದು ಬರೀ ಸುಂಯ್ ಎಂಬ ಸದ್ದು.

“ಎಲ್ಲಿದೆಯಮ್ಮಾ ನಿನ್ನ ವಿರಾ?” ಎಂದ.

“ಇಲ್ಲಿ ಸುತ್ತ ಕಾಂಕ್ರೀಟು. ಮೇಲೆ ಅಡ್ಡ ಏನೂ ಇಲ್ಲ. ಹತ್ತಿ ಕೇಳಿ.”

ಕದಿರ್‌ಬೆಕ್ ಏಣಿಯತ್ತ ನೋಡಿ ತನ್ನ ಮಂಡಿ ಸವರಿಕೊಂಡ.

“ನಾನು ಹೋಗ್ತೀನಿ,” ಎಂದ ನುರ್ದೋಲೋತ್. “ಇವಳ ಸುಳ್ಳನ್ನ ಇವಳ ಕುರ್ಚಿ ಮೇಲೇ ಕೂತು ಹಿಡೀತೀನಿ.”

ಗಾಯದ ಬೆರಳಿಗೆ ಬಟ್ಟೆ ಸುತ್ತಿ, ಇನ್ನೊಂದು ವಾಕಿಟಾಕಿಗೆ ಬ್ಯಾಟರಿ ಹಾಕಿಕೊಂಡು ಹತ್ತಿದ. ಬುರುಲ್ಚಾ ಮೇಜಿನ ಮೇಲಿನ ವಾಕಿಟಾಕಿಯಿಂದ ಕಣ್ಣು ಕೀಳಲಿಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ನುರ್ದೋಲೋತನ ದನಿ ಸಿಡಿಯಿತು.

“ಯಾರೋ ಅದು?”

ಸುಂಯ್.

“ನಾನ್ಯಾಕೋ ಬಿಡ್ಲಿ? ಮೂರನೇ ಚಾನೆಲ್ ನಮ್ದು!”

ಸುಂಯ್.

“ನಿಮ್ಮಪ್ಪನ ಮನೆಯದಾ? ನೀನು ರಸ್ತೆಯಾಚೆ ವಿರಾ ಅಂದ್ರೆ ಇಲ್ಲಿ ನನ್ನ ಕೈ ಹೋಗುತ್ತೆ ಕಣೋ, ಕತ್ತೆ!”

ಆಚೆಯವನ ಒಂದು ಮಾತೂ ಕೆಳಗೆ ಕೇಳಿಸಲಿಲ್ಲ. ಅಗತ್ಯವೂ ಇರಲಿಲ್ಲ.

ಇಳಿದು ಬಂದವನ ಮುಂದೆ ಕದಿರ್‌ಬೆಕ್ ವರದಿ ತಳ್ಳಿದ. “ಚಾನೆಲ್ ಬದಲಾಯಿಸೋಣ. ಆದ್ರೆ ಹೆಸರು ಕೇಳಿಸದೆ ಎತ್ತಿದ್ದು ಎತ್ತಿದ್ದೇ. ಸಹಿ ಹಾಕು.”

“ಕೂಗದೇ ಇದ್ದೋನು ನಾನು ಅಂತ ಬರೀರಿ. ಕೂಗಿಸದೇ ಇದ್ದೋರು ನೀವು ಅಂತಾನೂ ಬರೀರಿ. ಆಮೇಲೆ ಹಾಕ್ತೀನಿ.”

ಕದಿರ್‌ಬೆಕ್ ಕಾಗದ ಮಡಚಿ ಜೇಬಿಗಿಟ್ಟ. ಹರಿದು ಹಾಕಲಿಲ್ಲ.

“ನನ್ನಿಂದ ಕ್ಷಮೆ ಗಿಮೆ ನಿರೀಕ್ಷೆ ಮಾಡ್ಬೇಡ,” ಎಂದ ನುರ್ದೋಲೋತ್ ಅವಳತ್ತ ತಿರುಗಿ.

“ನಿನ್ನ ಕ್ಷಮೆ ಯಾರಿಗೆ ಬೇಕು?” ಬುರುಲ್ಚಾ ಮೇಜಿನ ಮೇಲಿದ್ದ ವಾಕಿಟಾಕಿಯನ್ನು ಹನ್ನೊಂದನೇ ಚಾನೆಲ್‌ಗೆ ತಿರುಗಿಸಿದಳು. “ಇನ್ಮೇಲೆ ಹೆಸರು ಕೂಗದಿದ್ರೆ ಒಂದು ಮೊಳೆನೂ ಎತ್ತಲ್ಲ.”

“ಹೆದರಿಸ್ತಿದ್ದೀಯಾ?” ಎಂದ ಕದಿರ್‌ಬೆಕ್.

“ಹೌದು,” ಎಂದು ಅವಳು ಏಣಿಯ ಕಡೆ ನಡೆದಳು.