ಆತ ಅಂದರೂ ಆಗದ ಬೇರಿಂಗು

ಪುಣೆಯ ಬಿಬವೇವಾಡಿಯಲ್ಲಿ ಜಟ್ಟೆಪ್ಪನ ಬಿಳಿ ಕಾರು ಹೊರಟರೆ ಕಾತ್ರಜ ಘಾಟದ ಮಂಗಗಳು ಕಿವಿ ಮುಚ್ಚಿಕೊಳ್ಳುತ್ತಿದ್ದವು. ಎರಡೂ ಕೈ ಕಿವಿಗೆ ಕೊಟ್ಟ ಒಂದು ಮಂಗ ಕೊಂಬೆ ತಪ್ಪಿ ಬಿದ್ದದ್ದೂ ಉಂಟು. ಮುಂದಿನ ಎಡಗಾಲಿಯ ಬೇರಿಂಗು ಸವೆದು, ನೂರು ಬೀಸುಕಲ್ಲುಗಳು ಒಟ್ಟಿಗೇ ಜೋಳ ಬೀಸಿದಂತೆ ಗುರುಗುಡುತ್ತಿತ್ತು. ಜಟ್ಟೆಪ್ಪನಿಗೆ ಮಾತ್ರ ಅದು ಜೋಗುಳ. ಬೈಲಹೊಂಗಲದಿಂದ ಬಂದು ರವಿವಾರ ಪೇಠದ ಅರಿವೆ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಗುಮಾಸ್ತನಾಗಿದ್ದ ಅವನು, ಕಣ್ಣು ತೆರೆದೇ ಕನಸು ಕಾಣುವುದರಲ್ಲಿ ಇಡೀ ಮಹಾರಾಷ್ಟ್ರಕ್ಕೇ ಮೊದಲಿಗ.

1997ರ ಮಾರ್ಗಶಿರದ ಒಂದು ಶನಿವಾರ ಅವನ ಹೆಂಡತಿ ಸಾವಂತ್ರವ್ವ ಉಂಡು ಕೈ ತೊಳೆಯುತ್ತ ತೀರ್ಪು ಕೊಟ್ಟಳು.

"ನಾಳೆ ಜೇಜುರಿಗೆ ನಾ ಬಸ್ಸಿನ್ಯಾಗ ಹೊಂಟೇನ್ರಿ."

"ಅಲ್ಲ, ಜೇಜುರಿ ಮೈಲಾರಲಿಂಗಗ ಗಾಡಿ ತೋರಸಬೇಕಂತ ನಾ..."

"ಅವಗ ಕುದುರಿ ಅದ. ನಿಮ್ಮ ಗಾಡಿ ತಗೊಂಡು ಏನ್ ಮಾಡ್ತಾನ? ಅದರಾಗ ಕುಂತ್ರ ನನ್ನ ಮಾತು ನನಗ ಕೇಳಂಗಿಲ್ಲ. ಬಸ್ಸಿನ್ಯಾಗ ಬಾಜೂ ಕುಂತ ಹೆಣ್ಮಗಳರ ಕೇಳ್ತಾಳ."

ಮಾತು ಎದೆಗೆ ನಾಟಿತು. ಕಾರು ಬಂದು ಮೂರು ವರ್ಷವಾಗಿದ್ದರೂ ಅವಳು ಪಕ್ಕದ ಸೀಟಿನಲ್ಲಿ ಕೂತದ್ದು ಒಂದೇ ಸಲ. ನಾಳೆಯೂ ಅದು ಖಾಲಿ ಹೋದರೆ ಇನ್ನೆಂದಿಗೂ ತುಂಬುವುದಿಲ್ಲವೆಂದು ಜಟ್ಟೆಪ್ಪನಿಗೆ ಖಾತ್ರಿಯಾಯಿತು.

ಅರ್ಧ ತಾಸಿನಲ್ಲಿ ಹೊಸ ಬೇರಿಂಗು ತಂದ. ಪಕ್ಕದ ಮನೆಯ ಮರಾಠಿಗ ಏಕನಾಥನನ್ನು ಕರೆದ. ಏಕನಾಥ ಚಾಕಣದ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇಥ್ ಯಂತ್ರ ನಡೆಸುವವನು. ಕಬ್ಬಿಣದ ನಾಡಿ ಹಿಡಿದು ಅದಕ್ಕೆ ನಿನ್ನೆ ಬಿದ್ದ ಕನಸು ಯಾವುದೆಂದು ಹೇಳಬಲ್ಲವನು. ಅಂಗಳದ ಬೇವಿನ ನೆರಳಲ್ಲಿ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟರು, ಜಾಕ್ ಏರಿಸಿದರು, ಗಾಲಿ ಬಿಚ್ಚಿದರು. ಸ್ಪಿಂಡಲಿನ ಅಚ್ಚಿನಿಂದ ಗಾಲಿಯ ಗುಂಬ, ಅಂದರೆ ಹಬ್ಬು, ಕಳಚಿ ಬಂದಾಗ ಸುಟ್ಟ ಗ್ರೀಸಿನ ವಾಸನೆಗೆ ಬೇವಿನ ಮೇಲಿನ ಕಾಗೆಗಳು ಓಣಿ ಬಿಟ್ಟುಹೋದವು.

ಹಳೆಯದನ್ನು ಹೊಡೆದು ತೆಗೆದ ಮೇಲೆ ಹೊಸ ಬೇರಿಂಗಿನ ಹೊರಬಳೆಯನ್ನು ಹಬ್ಬಿನ ಬಾಯಿಗಿಟ್ಟು, ಅದರ ಮೇಲೆ ಹಳೆಯ ಬಳೆಯನ್ನಿಟ್ಟು ಏಕನಾಥ ಹಿಡಿದುಕೊಂಡ. ಸುತ್ತಿಗೆ ಜಟ್ಟೆಪ್ಪನದು. ಟಣ್. ಟಣ್. ಬಳೆ ಕೂದಲೆಳೆಯಷ್ಟು ಇಳಿಯಿತು. ಮೂರನೆಯ ಪೆಟ್ಟಿಗೆ ಆ ನಾದ ಬೈಲಹೊಂಗಲದ ಎತ್ತುಗಳ ಕೊರಳಗಂಟೆಯಾಯಿತು. ಏಳನೆಯದಕ್ಕೆ ಅಂಗಳ ಕರಗಿ ಮಲಪ್ರಭೆ ಹರಿಯಿತು. ಹೊಳೆಯ ಮೇಲೆ ಬಿಳಿ ಕಾರು, ಕಾರಿನಲ್ಲಿ ಸಾವಂತ್ರವ್ವ, ಅವಳ ತುಟಿಗಳು ಅಲುಗುತ್ತಿವೆ, ಮಾತು ಇನ್ನೇನು ಕೇಳಿಸಬೇಕು...

ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಫೋನು ಬಡಿದುಕೊಂಡಿತು. ಏಕನಾಥ ಓಡುತ್ತಲೇ ಹಿಂತಿರುಗಿ ಕೂಗಿದ: "ಆತ, ಆತ!"

ಆಯಿತಂತೆ! ಜಟ್ಟೆಪ್ಪ ಸುತ್ತಿಗೆ ಕೆಳಗಿಟ್ಟ. ಬೆಣ್ಣೆ ಮೆತ್ತಿದಂತೆ ಗ್ರೀಸು ಮೆತ್ತಿ, ಹಬ್ಬು ಏರಿಸಿ, ನಟ್ಟು ಬಿಗಿದು, ಕಾಲು ಸುತ್ತು ಸಡಿಲಿಸಿ, ಪಿನ್ನು ಮಡಚಿದ. ಏಕನಾಥ ಬರುವಷ್ಟರಲ್ಲಿ ಗಾಲಿಯೂ ಕೂತಿತ್ತು, ಜಟ್ಟೆಪ್ಪನೂ ಕಾರಿನಲ್ಲಿ ಕೂತಿದ್ದ.

ಓಣಿಯಲ್ಲಿ ಗುರುಗುಡುವಿಕೆ ಇಲ್ಲ! ಆದರೆ ನಲವತ್ತು ಹೆಜ್ಜೆಯಾಗುವುದರೊಳಗೆ ಗಾಲಿ ಹೆಂಡ ಕುಡಿದ ಆನೆಯಂತೆ ತೂಗಾಡತೊಡಗಿತು.

ಬಾಗಿಲಲ್ಲಿ ಸಾವಂತ್ರವ್ವ ಸೆರಗು ಬಾಯಿಗಿಟ್ಟುಕೊಂಡಳು. "ಏನ್ರಿ ಇದು, ಗಾಲಿ ಲಾವಣಿ ಕುಣ್ಯಾಕ ಹತ್ತೇದ?"

ಏಕನಾಥ ಗಾಲಿ ಹಿಡಿದು ಅಲ್ಲಾಡಿಸಿದ. ಖಟ್, ಖಟ್. ಹೊರಬಳೆ ತಳಕ್ಕೆ ಮುಟ್ಟಿಯೇ ಇರಲಿಲ್ಲ.

"ಅಹೋ, ಮೀ ಆತ ಮ್ಹಟ್ಲಂ ನಾ!"

"ಆತ ಅಂದ್ರಿ, ಅದಕ್ಕ ಬಿಟ್ಟೆ!"

"ಆತ ಮ್ಹಣಜೇ ಆತ!"

"ನಾನೂ ಅದನ್ನ ಹೇಳಾಕತ್ತೇನಲ್ರಿ, ಆತ ಅಂದ್ರ ಆತ!"

ಇಬ್ಬರೂ ಹೀಗೆ ಸಾವಿರದೆಂಟು ಸಲ ಕೂಗಿಕೊಂಡರು. ಸಾವಂತ್ರವ್ವ ನಗುನಗುತ್ತ ಕಟ್ಟೆಯ ಮೇಲೆ ಕುಸಿದಳು. "ಅವರ ಆತ ಅಂದ್ರ ಒಳಗ ಅಂತ್ರಿ! ಇನ್ನೂ ಒಳಗ ಹೊಡಿ ಅಂದಾರ, ನೀವು ಮುಗೀತು ಅಂದ್ಕೊಂಡೀರಿ. ದಿನಾ ಮರಾಠಿ ಮಂದಿಗೆ ಅರಿವಿ ಮಾರ್ತೀರಿ, ಇಷ್ಟು ತಿಳೀಲಿಲ್ಲ?"

"ಕನಸಿನ್ಯಾಗಿದ್ದೆ," ಎಂದ ಜಟ್ಟೆಪ್ಪ ತಲೆ ತಗ್ಗಿಸಿ. "ಅಲ್ಲೆ ನನಗ ಮರಾಠಿ ಬರಂಗಿಲ್ಲ."

"ಏನ್ ಕನಸು?"

"ನೀ ಬಾಜೂ ಕುಂತು ಏನೋ ಮಾತಾಡಾಕತ್ತಿದ್ದಿ. ಕೇಳ್ತಿರಲಿಲ್ಲ."

ಸಾವಂತ್ರವ್ವ ನಗು ನಿಲ್ಲಿಸಿದಳು. ಏಕನಾಥನಿಗೆ ಕನ್ನಡ ತಿಳಿಯದಿದ್ದರೂ, ಯಾಕೋ ಜಾಕಿನ ಕಡೆ ಮುಖ ತಿರುಗಿಸಿದ.

ಮತ್ತೆ ಎಲ್ಲ ಬಿಚ್ಚಿದರು. ಈ ಸಲ ಜಟ್ಟೆಪ್ಪ ಕಿವಿ ತೆರೆದಿಟ್ಟು ಹೊಡೆದ. ಟಣ್ ಟಣ್ ಎನ್ನುತ್ತಿದ್ದ ಬಳೆ ಕೊನೆಗೊಮ್ಮೆ ಠಪ್ ಎಂದು ತಳ ಕಂಡಿತು. ಸಂಜೆ ಜಾಕಿನ ಮೇಲಿದ್ದ ಗಾಲಿಯನ್ನು ಒಂದು ಬೆರಳಿನಿಂದ ತಿರುಗಿಸಿದರೆ ಉಸಿರಿನಷ್ಟೂ ಸದ್ದಿಲ್ಲ. ಎಷ್ಟು ಹೊತ್ತು ತಿರುಗಿತೆಂದರೆ, ಏಕನಾಥ ಮನೆಗೆ ಹೋಗಿ ಸ್ನಾನ ಮಾಡಿ ಬಂದರೂ ತಿರುಗುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಸಾವಂತ್ರವ್ವ ಬುತ್ತಿಗಂಟು ಹಿಡಿದು ಬಸ್ಸಿನ ರಸ್ತೆಯತ್ತ ಒಮ್ಮೆ, ಕಾರಿನತ್ತ ಒಮ್ಮೆ ನೋಡಿದಳು. ಗಂಟನ್ನು ಹಿಂದಿನ ಸೀಟಿನ ಮೇಲಿಟ್ಟು ತಾನು ಮುಂದೆ ಕೂತಳು.

ಕಾರು ಹಡಪಸರ ದಾಟಿತು. ದಿವೆ ಘಾಟದಲ್ಲಿ ಮಂಜು ಕಾರಿನೊಳಗೂ ಬಂದು ಕೂತಿತು. ರಸ್ತೆಯಿದೆಯೋ ಮೋಡವಿದೆಯೋ ತಿಳಿಯದು. ಆಗ ಅವಳು ಮೆಲ್ಲಗೆ, "ನಮ್ಮ ಲಗ್ನದ ದಿವಸ ಏನಾಗಿತ್ತು ಗೊತ್ತೇನ್ರಿ?" ಎಂದು ಶುರು ಮಾಡಿದಳು. ಸಾಸವಡಕ್ಕೆ ಬಂದಾಗ ಅವಳ ಕಥೆಯಲ್ಲಿ ಅರಿಸಿನ ಹಚ್ಚುವ ಹೊತ್ತಾಗಿತ್ತು. ಜೇಜುರಿಯ ಮೆಟ್ಟಿಲು ಕಂಡಾಗ ಅಕ್ಷತೆಯ ಅಕ್ಕಿಕಾಳು ಇನ್ನೂ ಬಿದ್ದಿರಲಿಲ್ಲ.

ಜಟ್ಟೆಪ್ಪ ಕಾರು ನಿಲ್ಲಿಸಲಿಲ್ಲ. ಗಾಲಿ ಒಂದಿಷ್ಟೂ ಸದ್ದು ಮಾಡದೆ ಊರು ದಾಟಿ ಮುಂದಕ್ಕೆ ಹೋಯಿತು.

"ಗುಡಿ ಹಿಂದ ಉಳೀತಲ್ರಿ!"

"ಮೈಲಾರಲಿಂಗ ಎಲ್ಲಿಗೂ ಹೋಗಂಗಿಲ್ಲ," ಎಂದ ಜಟ್ಟೆಪ್ಪ. "ಹೂಂ, ಮುಂದ ಹೇಳು."